ಕುದಿಯೋ ನೀರಿನ ಜೀವ, ಕೊರೊನಾ ಟೆಸ್ಟಿನ ಟ್ಯೂಬು

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಇವತ್ತಿನ ಕಥೆ ಅಮೆರಿಕದ ಒಂದು ಬಿಸಿನೀರಿನ ಬುಗ್ಗೆಯದ್ದು. ಆದರೆ ನನಗೆ ಅದು ಶುರುವಾಗೋದು ಕೋಲಾರ ಜಿಲ್ಲೆಯ ಮಾಸ್ತಿಯಲ್ಲಿ.

2021ರ ಏಪ್ರಿಲ್. ಎರಡನೇ ಅಲೆ. ತಾತನಿಗೆ ಎರಡು ದಿನದಿಂದ ಜ್ವರ, ಸಣ್ಣಗೆ ಕೆಮ್ಮು. ಮಾಸ್ಕ್ ಹಾಕಿಸಿ, ಬೈಕಿನ ಹಿಂದೆ ಕೂರಿಸ್ಕೊಂಡು ಹೋಗಿ ಟೆಸ್ಟ್ ಮಾಡಿಸಿದೆ. ಮೂಗಿಗೆ ಕಡ್ಡಿ ಹಾಕಿದಾಗ ತಾತ ಕಣ್ಣಲ್ಲಿ ನೀರು ತಂದ್ಕೊಂಡು, "ಇಷ್ಟುದ್ದ ಹೋಗ್ಬೇಕೇನಮ್ಮ ಒಳಗೆ?" ಅಂತ ನರ್ಸಮ್ಮನ್ನ ಕೇಳಿದ್ರು. ಆ ಕಡ್ಡಿ ಒಂದು ಟ್ಯೂಬಿಗೆ ಹೋಯ್ತು, ಟ್ಯೂಬು ಐಸ್ ಬಾಕ್ಸಿಗೆ, ಬಾಕ್ಸು ಯಾವುದೋ ಗಾಡಿಗೆ. ಆಮೇಲೆ ನಾಲ್ಕು ದಿನ ನಾವು ಮೊಬೈಲ್ ನೋಡ್ತಾ ಕೂತ್ವಿ. ತಾತ ಒಳಗಿನ ಕೋಣೇಲಿ, ಅಜ್ಜಿ ಪಡಸಾಲೆಯಲ್ಲಿ. ಐವತ್ತು ವರ್ಷ ಜೊತೇಲಿ ಸಂಸಾರ ಮಾಡಿದವರು ಬಾಗಿಲ ಆಚೆ ಈಚೆ ನಿಂತು ಮಾತಾಡ್ತಿದ್ರು. ಅಜ್ಜಿ ದಿನಕ್ಕೆ ಹತ್ತು ಸಲ ನನ್ನನ್ನ ಕೇಳೋರು: "ಏನಂತೆ ಮಗಾ, ಮೆಸೇಜು ಬಂತಾ?"

ನಾಲ್ಕನೇ ದಿನ ಬಂತು. ಪಾಸಿಟಿವ್. ತಾತ ಉಳಿದ್ರು. ಪಕ್ಕದ ಬೀದೀಲಿ ಉಳೀದೇ ಇದ್ದವರೂ ಇದ್ದಾರೆ, ಅದನ್ನ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಊರಲ್ಲೂ ಇರ್ತಾರೆ.

ಅದೇ ಏಪ್ರಿಲ್ 4ನೇ ತಾರೀಕು, ಅಮೆರಿಕದಲ್ಲಿ ಥಾಮಸ್ ಬ್ರಾಕ್ ಅನ್ನೋ 94 ವರ್ಷದ ಸೂಕ್ಷ್ಮಜೀವಿ ವಿಜ್ಞಾನಿ ತೀರಿಕೊಂಡರು. ಆಗ ನನಗೆ ಆ ಹೆಸರೇ ಗೊತ್ತಿರಲಿಲ್ಲ. ಗೊತ್ತಾಗಿದ್ದು ಆಮೇಲೆ. ತಾತನ ಟ್ಯೂಬಿನೊಳಗೆ ನಡೆದ ಕೆಲಸದ ಬೇರು ಆ ಮನುಷ್ಯ 1966ರಲ್ಲಿ ಒಂದು ಬಿಸಿ ಕೊಳದಿಂದ ತಂದ ಬ್ಯಾಕ್ಟೀರಿಯಾದಲ್ಲಿದೆ.

ಮೊದಲು ಟ್ಯೂಬಿನೊಳಗೆ ಏನಾಗುತ್ತೆ ಅಂತ ನೋಡೋಣ, ಆಮೇಲೆ ಕೊಳಕ್ಕೆ ಹೋಗೋಣ.

ಮೂಗಿಂದ ತೆಗೆದ ದ್ರವದಲ್ಲಿ ವೈರಸ್ ಇದ್ದರೂ ಅದರ ಆನುವಂಶಿಕ ವಸ್ತು ತೀರಾ ಅತ್ಯಲ್ಪ. ನೇರವಾಗಿ ಪತ್ತೆ ಮಾಡೋಕೆ ಸಾಲಲ್ಲ. ಅದಕ್ಕೆ ವೈರಸ್ಸಿನ ಆರ್‌ಎನ್‌ಎಯನ್ನ ಮೊದಲು ಡಿಎನ್‌ಎ ರೂಪಕ್ಕೆ ತರ್ತಾರೆ, ಆಮೇಲೆ ಅದನ್ನ ನಕಲು ಮಾಡ್ತಾ ಹೋಗ್ತಾರೆ. ಒಂದು ಎರಡಾಗುತ್ತೆ, ಎರಡು ನಾಲ್ಕು, ನಾಲ್ಕು ಎಂಟು. ಲೆಕ್ಕ ಸಣ್ಣದಾಗಿ ಕಾಣುತ್ತೆ, ಆದರೆ 30 ಸುತ್ತು ಮುಗಿಯೋ ಹೊತ್ತಿಗೆ ಒಂದು ತುಣುಕು 107 ಕೋಟಿ ದಾಟಿರುತ್ತೆ. ಇದೇ ಪಿಸಿಆರ್.

ಡಿಎನ್‌ಎ ಅಂದ್ರೆ ಎರಡು ಎಳೆ ಸುತ್ತಿಕೊಂಡಿರೋ ಹುರಿ ಅನ್ಕೊಳ್ಳಿ. ನಕಲು ಮಾಡಬೇಕಾದ್ರೆ ಎಳೆ ಬೇರೆ ಆಗಬೇಕು. ಅದಕ್ಕೆ ಟ್ಯೂಬನ್ನ ಸುಮಾರು 95 ಡಿಗ್ರಿಗೆ ಬಿಸಿ ಮಾಡ್ತಾರೆ. ಆಮೇಲೆ 50-60ರ ಆಸುಪಾಸಿಗೆ ಇಳಿಸ್ತಾರೆ, ಎಲ್ಲಿಂದ ನಕಲು ಶುರು ಮಾಡಬೇಕು ಅಂತ ತೋರಿಸೋ ಪುಟ್ಟ ತುಣುಕುಗಳು ಬಂದು ಅಂಟಿಕೊಳ್ತವೆ. ಮತ್ತೆ 72ಕ್ಕೆ ಏರಿಸಿದಾಗ ಪಾಲಿಮರೇಸ್ ಅನ್ನೋ ಕಿಣ್ವ ಬಿಡಿ ಎಳೆಗೆ ಜೋಡಿ ಎಳೆ ಕಟ್ತಾ ಹೋಗುತ್ತೆ. ಮತ್ತೆ 95. ಮತ್ತೆ ಇಳಿತ. ಹೀಗೆ 30, 40 ಸಲ.

ತೊಂದರೆ ಇರೋದು ಕಿಣ್ವದಲ್ಲಿ. ಕಿಣ್ವ ಅಂದ್ರೆ ಪ್ರೋಟೀನ್. ಮೊಟ್ಟೆಯ ಬಿಳಿ ಭಾಗವೂ ಪ್ರೋಟೀನೇ. ಕುದಿಯೋ ನೀರಿಗೆ ಹಾಕಿದ್ರೆ ಅದು ಗಟ್ಟಿಯಾಗುತ್ತೆ, ಆರಿಸಿದ್ರೂ ವಾಪಸ್ ನೀರಾಗಲ್ಲ. ನಿಮ್ಮ ನಮ್ಮ ಮೈಯೊಳಗಿನ ಪಾಲಿಮರೇಸನ್ನ ಆ ಟ್ಯೂಬಿಗೆ ಹಾಕಿದ್ರೆ ಮೊದಲನೇ ಸುತ್ತಿಗೇ ಬೆಂದುಹೋಗುತ್ತೆ. 95 ಡಿಗ್ರೀಲಿ ಬೇಯದೇ ಇರೋ ಕಿಣ್ವ ಬೇಕು. ಅದನ್ನ ಯಾರು ಇಟ್ಟುಕೊಂಡಿರ್ತಾರೆ? ಕುದಿಯೋ ನೀರಿನ ಪಕ್ಕದಲ್ಲೇ ಸಂಸಾರ ಹೂಡಿರೋ ಜೀವ.

ಬಿಸಿ ಅಂದ್ರೆ ಸೂಕ್ಷ್ಮಜೀವಿಗೆ ಸಾವು, ಅದಕ್ಕೇ ಹಾಲು ಕಾಯಿಸೋದು ಅಂತ ನಾವೆಲ್ಲ ಕಲಿತಿದ್ದೀವಿ. ನಮ್ಮ ಅಜ್ಜಿ ಹಾಗೆ ಕಲಿತವರಲ್ಲ. ಚಳಿಗಾಲದ ಬೆಳಗ್ಗೆ ತಿಪ್ಪೆಯಿಂದ ಹೊಗೆ ಥರ ಆವಿ ಏಳೋದನ್ನ ತೋರಿಸಿ, "ನೋಡು, ಗೊಬ್ಬರ ಬೇಯ್ತಾ ಐತೆ" ಅನ್ನೋರು. ಬೇಯ್ತಾ ಇರೋದು ನಿಜ. ಅದನ್ನ ಬೇಯಿಸ್ತಿರೋದು ಬ್ಯಾಕ್ಟೀರಿಯಾ. ಸಗಣಿ, ಕಸಕಡ್ಡಿ ತಿಂದು ಅವು ಉಸಿರಾಡೋವಾಗ ಶಾಖ ಹೊರಡುತ್ತೆ. ರಾಶಿಯ ಒಳಗೆ ಶಾಖ ಹೊರಗೆ ಹೋಗೋಕೆ ದಾರಿ ಇಲ್ಲ. 45 ದಾಟಿದ ಮೇಲೆ ಸಾಮಾನ್ಯ ಬ್ಯಾಕ್ಟೀರಿಯಾ ಸುಸ್ತಾಗ್ತವೆ, ಬಿಸಿ ಇಷ್ಟಪಡೋವು ಕೆಲಸ ವಹಿಸ್ಕೊಳ್ತವೆ, 60ರ ಹತ್ತಿರಕ್ಕೆ ಒಯ್ತವೆ. ಹುಲ್ಲಿನ ಮೆದೆ ಹಸಿಯಾಗಿ ಒಟ್ಟಿದ್ರೆ ಒಳಗೇ ಕಾದು ಬೆಂಕಿ ಹತ್ತಿಕೊಳ್ಳೋದೂ ಹೀಗೇ ಶುರುವಾಗೋದು. ಜರ್ಮನಿಯ ಹ್ಯೂಗೋ ಮೀಹೆ ಈ ಹುಲ್ಲಿನ ಕಾವಿನ ಮೇಲೆ 1907ರಲ್ಲಿ ಪುಸ್ತಕವನ್ನೇ ಬರೆದ. ಅದಕ್ಕೂ ಮುಂಚೆ, 1880ರ ದಶಕದಲ್ಲಿ, ಫ್ರಾನ್ಸಿನ ಪಿಯರ್ ಮಿಕೆಲ್ ಪ್ಯಾರಿಸ್ಸಿನ ಸೆನ್ ನದಿಯ ನೀರಿನಿಂದ 70 ಡಿಗ್ರಿಯ ಆಸುಪಾಸಿನಲ್ಲಿ ಬೆಳೆಯೋ ಬ್ಯಾಕ್ಟೀರಿಯಾವನ್ನ ಬೇರ್ಪಡಿಸಿದ್ದ. ಅಂದ್ರೆ ಬಿಸಿ ಇಷ್ಟಪಡೋ ಜೀವ ಇದೆ ಅನ್ನೋದು ಹಳೇ ಸುದ್ದಿ.

ಹಾಗಿದ್ರೆ 1960ರ ದಶಕದವರೆಗೆ ಕುದಿಯೋ ಬುಗ್ಗೆಗಳಲ್ಲಿ ಯಾರೂ ಯಾಕೆ ಸರಿಯಾಗಿ ಹುಡುಕಲಿಲ್ಲ? ಇದಕ್ಕೆ ಕಾರಣ ನನಗೆ ಭಾರೀ ಇಷ್ಟ, ಯಾಕಂದ್ರೆ ಅದು ತೀರಾ ಮನುಷ್ಯಸಹಜ. ಬಿಸಿ ಬ್ಯಾಕ್ಟೀರಿಯಾ ಬೆಳೆಸೋ ಪೆಟ್ಟಿಗೆಯನ್ನ ಲ್ಯಾಬಿನವರು ರೂಢಿಯಂತೆ 55 ಡಿಗ್ರಿಗೆ ಇಡ್ತಿದ್ರು. ಗುರುಗಳು ಇಟ್ಟಿದ್ದರು, ಶಿಷ್ಯರೂ ಇಟ್ಟರು. 55ರಲ್ಲಿ ಬೆಳೆಯೋವು ಬೆಳೆದವು, ಅವನ್ನೇ ಎಲ್ಲರೂ ಮತ್ತೆ ಮತ್ತೆ ಕಂಡುಹಿಡಿದರು. 70ರಲ್ಲಿ ಬದುಕೋವು ಸಿಗಲಿಲ್ಲ, ಯಾಕಂದ್ರೆ ಹೆಚ್ಚಿನವರು ಗುಂಡಿಯನ್ನ 70ಕ್ಕೆ ತಿರುಗಿಸ್ತಿರಲಿಲ್ಲ.

ಬ್ರಾಕ್ ಬಿಸಿನೀರಿನ ತಜ್ಞ ಆಗಿ ಅಲ್ಲಿಗೆ ಹೋದವರಲ್ಲ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡ್ತಿದ್ದವರು. 1964ರ ಬೇಸಿಗೇಲಿ ಕಾರಲ್ಲಿ ಪಶ್ಚಿಮದ ಕಡೆ ಹೋಗ್ತಾ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ನೋಡೋಕೆ ಇಳಿದರು, ನಾವು ಧರ್ಮಸ್ಥಳಕ್ಕೆ ಹೋಗೋವಾಗ ದಾರೀಲಿ ಬೇಲೂರು ನೋಡೋ ಹಾಗೆ. ಅಲ್ಲಿ ಬುಗ್ಗೆಯಿಂದ ಹರಿದು ಬರೋ ನೀರಿನ ಕಾಲುವೆಯಲ್ಲಿ ಬಣ್ಣ ಕಂಡವು. ಕುದಿಯೋ ಮೂಲದ ಹತ್ತಿರ ಬಣ್ಣ ಇಲ್ಲ, ಕೆಲವು ಕಡೆ ತಿಳಿ ಗುಲಾಬಿ ದಾರದಂಥದ್ದು. ಸ್ವಲ್ಪ ಕೆಳಗೆ ಹಳದಿ, ಕಿತ್ತಳೆ. ಇನ್ನೂ ತಣ್ಣಗಾದ ಕಡೆ ಹಸಿರು. ಪ್ರವಾಸಿಗಳು ಫೋಟೋ ತೆಗೆದುಕೊಂಡು ಹೋಗ್ತಿದ್ರು. ಇವರಿಗೆ ಅದು ಥರ್ಮಾಮೀಟರ್ ಥರ ಕಂಡಿತು. ಒಂದೊಂದು ಬಣ್ಣ ಒಂದೊಂದು ಉಷ್ಣತೆಯಲ್ಲಿ ಬದುಕೋ ಜೀವದ್ದು.

ಮುಂದಿನ ವರ್ಷ ಸಾಮಾನು ಸಮೇತ ವಾಪಸ್ ಬಂದರು. ಅವರು ಮಾಡಿದ ಒಂದು ಪ್ರಯೋಗ ಎಷ್ಟು ಸರಳ ಅಂದ್ರೆ, ನಾವೂ ಮಾಡಬಹುದಿತ್ತು ಅನ್ನಿಸುತ್ತೆ. ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಗೆ ದಾರ ಕಟ್ಟಿ ಬುಗ್ಗೆಯೊಳಗೆ ಇಳಿಬಿಟ್ಟರು. ಕೆಲವು ದಿನ ಬಿಟ್ಟು ಎಳೆದು ನೋಡಿದರೆ ಗಾಜಿನ ಮೇಲೆ ಬ್ಯಾಕ್ಟೀರಿಯಾ ದಟ್ಟವಾಗಿ ಬೆಳೆದಿತ್ತು. ಯೆಲ್ಲೋಸ್ಟೋನ್ ಎತ್ತರದ ಜಾಗ, ಅಲ್ಲಿ ನೀರು 93 ಡಿಗ್ರಿ ಸುಮಾರಿಗೇ ಕುದಿಯುತ್ತೆ. ಕುದಿಯೋ ನೀರಲ್ಲಿ ಜೀವ ಸುಮ್ಮನೆ ಸಹಿಸಿಕೊಂಡು ಕೂತಿಲ್ಲ, ಬೆಳೀತಾ ಇದೆ.

1966ರಲ್ಲಿ ಬ್ರಾಕ್ ಜೊತೆ ಹಡ್ಸನ್ ಫ್ರೀಜ್ ಅನ್ನೋ ಹುಡುಗ ಇದ್ದ. ಡಿಗ್ರಿ ಓದ್ತಿದ್ದ ವಿದ್ಯಾರ್ಥಿ, ನಿಮ್ಮದೇ ವಯಸ್ಸು ಅನ್ಕೊಳ್ಳಿ. ಬಿಸಿ ಬ್ಯಾಕ್ಟೀರಿಯಾ ಹುಡುಕೋಕೆ ಹೊರಟವನ ಹೆಸರು ಫ್ರೀಜ್! ಮಶ್ರೂಮ್ ಸ್ಪ್ರಿಂಗ್ ಅನ್ನೋ ಬುಗ್ಗೆಯಿಂದ ತಂದ ಮಾದರಿಯನ್ನ ಬೆಳೆಸೋ ಕೆಲಸ ಅವನದ್ದು. ಅವರು ಎರಡು ವಿಷಯ ಬೇರೆ ಥರ ಮಾಡಿದರು. ಪೆಟ್ಟಿಗೆಯನ್ನ 55 ಬಿಟ್ಟು 70ರ ಮೇಲೆ ಇಟ್ಟರು. ಎರಡನೇದು ಊಟ. ಲ್ಯಾಬುಗಳಲ್ಲಿ ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ ಹಾಕೋದು ವಾಡಿಕೆ, ಗಟ್ಟಿ ಸಾರು. ಬುಗ್ಗೆಯ ನೀರಲ್ಲಿ ಅಂಥದ್ದೇನೂ ಇರಲ್ಲ, ಅಲ್ಲಿಯ ಜೀವ ತೆಳು ಗಂಜಿಗೆ ಒಗ್ಗಿಕೊಂಡಿರೋದು. ಜಾಸ್ತಿ ಹಾಕಿದ್ರೆ ಬೆಳೆಯೋದೇ ಇಲ್ಲ. ಇವರು ನೀರುನೀರಾಗಿ ಹಾಕಿದರು, ಅದು ಬೆಳೀತು. ಹಳದಿ ಬಣ್ಣದ, ದಾರದಂಥ ಬ್ಯಾಕ್ಟೀರಿಯಾ. 1969ರಲ್ಲಿ ಹೆಸರಿಟ್ಟರು: ಥರ್ಮಸ್ ಅಕ್ವಾಟಿಕಸ್. 70 ಡಿಗ್ರಿ ಅಂದ್ರೆ ಅದಕ್ಕೆ ಹಿತ, 79ರವರೆಗೂ ತಡೆಯುತ್ತೆ, 40ಕ್ಕಿಂತ ಕೆಳಗೆ ಇಳಿದ್ರೆ ಬೆಳೆಯೋದನ್ನೇ ನಿಲ್ಲಿಸುತ್ತೆ.

ಆಮೇಲೆ ಮನೆಗಳಲ್ಲಿ ನೀರು ಕಾಯಿಸೋ ಹೀಟರುಗಳಲ್ಲಿ, ಬಟ್ಟೆ ಒಗೆಯೋ ಅಂಗಡಿಯ ಬಿಸಿನೀರಲ್ಲಿ ಹುಡುಕಿದಾಗಲೂ ಇದರ ಬಳಗ ಸಿಕ್ತು. ಬಚ್ಚಲುಮನೆಯಲ್ಲಿದ್ದದ್ದನ್ನ ಕಂಡುಹಿಡಿಯೋಕೆ ಜ್ವಾಲಾಮುಖಿ ಹತ್ತಿರ ಹೋಗಬೇಕಾಯ್ತು!

ಈ ಕಥೆಯ ಮುಖ್ಯ ತಿರುವು ಯಾರೂ ಗಮನಿಸದ ಒಂದು ಕೆಲಸ. ಬ್ರಾಕ್ ಮತ್ತು ಫ್ರೀಜ್ ಈ ಬ್ಯಾಕ್ಟೀರಿಯಾವನ್ನ ಅಮೆರಿಕನ್ ಟೈಪ್ ಕಲ್ಚರ್ ಕಲೆಕ್ಷನ್ ಅನ್ನೋ ಸಂಗ್ರಹಾಲಯಕ್ಕೆ ಕೊಟ್ಟರು. ಬೀಜದ ಬ್ಯಾಂಕ್ ಇದೆಯಲ್ಲ, ಹಾಗೆ ಸೂಕ್ಷ್ಮಜೀವಿಗಳ ಬ್ಯಾಂಕ್ ಅದು. ಯಾವ ಸಂಶೋಧಕ ಬೇಕಾದ್ರೂ ಸಣ್ಣ ಶುಲ್ಕ ಕಟ್ಟಿ ತರಿಸಿಕೊಳ್ಳಬಹುದು. ಪೇಟೆಂಟ್ ಇಲ್ಲ, ಷರತ್ತು ಇಲ್ಲ. ಇದರಿಂದ ಏನು ಉಪಯೋಗ ಅಂತ ಅವರೂ ಯೋಚಿಸಿರಲಿಲ್ಲ, ಕೇಳಿದವರೂ ಇಲ್ಲ. ಸರ್ಕಾರದ ವಿಜ್ಞಾನ ಅನುದಾನದಲ್ಲಿ ನಡೆದ ಕೆಲಸ, ವಿಷಯ: ಬಿಸಿನೀರಲ್ಲಿ ಜೀವ ಹೇಗೆ ಇರುತ್ತೆ.

1976ರಲ್ಲಿ ಸಿನ್ಸಿನಾಟಿಯ ಆಲಿಸ್ ಚಿಯೆನ್, ಡೇವಿಡ್ ಎಡ್ಗರ್, ಜಾನ್ ಟ್ರೆಲಾ ಅನ್ನೋ ಮೂವರು ಇದರೊಳಗಿನ ಪಾಲಿಮರೇಸನ್ನ ಬೇರ್ಪಡಿಸಿ, 80 ಡಿಗ್ರಿಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಬರೆದರು. ಆ ಲೇಖನವೂ ಲೈಬ್ರರಿ ಕಪಾಟಿನಲ್ಲಿ ಕೂತಿತು. ಅದಕ್ಕೂ ಮೊದಲು, 1971ರಲ್ಲಿ, ಪಂಜಾಬಿನಲ್ಲಿ ಹುಟ್ಟಿ ನೊಬೆಲ್ ಪಡೆದ ಹರ್ ಗೋಬಿಂದ್ ಖೊರಾನಾ ಅವರ ತಂಡದಿಂದ, ಡಿಎನ್‌ಎಯನ್ನ ಹೀಗೆ ಸುತ್ತು ಸುತ್ತಾಗಿ ನಕಲು ಮಾಡಬಹುದಲ್ಲ ಅನ್ನೋ ವಿಚಾರ ಒಂದು ಲೇಖನದಲ್ಲಿ ಬಂದಿತ್ತು. ವಿಚಾರ ಒಂದು ಕಪಾಟಿನಲ್ಲಿ, ಕಿಣ್ವ ಇನ್ನೊಂದರಲ್ಲಿ. ಎರಡೂ ಭೇಟಿ ಆಗಿಲ್ಲ.

1983ಕ್ಕೆ ಬನ್ನಿ. ನಮ್ಮ ಮಾಸ್ತಿಯವರಿಗೆ ಆ ವರ್ಷ ಅಂದ್ರೆ ಮಾಸ್ತಿ ವೆಂಕಟೇಶ ಅಯ್ಯಂಗಾರರ ಜ್ಞಾನಪೀಠದ ವರ್ಷ. ಅದೇ ವರ್ಷ ಕ್ಯಾಲಿಫೋರ್ನಿಯಾದ ಸೀಟಸ್ ಅನ್ನೋ ಕಂಪನಿಯ ಕ್ಯಾರಿ ಮುಲ್ಲಿಸ್ ರಾತ್ರಿ ಹೊತ್ತು ಕಾಡಿನ ರಸ್ತೇಲಿ ಕಾರು ಓಡಿಸ್ತಿರೋವಾಗ ಪಿಸಿಆರ್ ಹೊಳೀತು. ಮೊದಲು ಇವರು ಬಳಸಿದ್ದು ಇ. ಕೊಲೈ ಅನ್ನೋ ಕರುಳಿನ ಬ್ಯಾಕ್ಟೀರಿಯಾದ ಕಿಣ್ವ. ಒಂದೊಂದು ಸುತ್ತಿಗೂ ಅದು ಬೆಂದುಹೋಗೋದು, ಒಂದೊಂದು ಸುತ್ತಿಗೂ ಯಾರಾದ್ರೂ ನಿಂತು ಹೊಸ ಕಿಣ್ವ ಹಾಕಬೇಕು. ದೋಸೆ ಹಂಚಿನ ಮುಂದೆ ನಿಂತವರ ಪಾಡು. ಅದೇ ಕಂಪನಿಯ ಡೇವಿಡ್ ಗೆಲ್ಫಾಂಡ್, ಸುಸಾನ್ ಸ್ಟಾಫೆಲ್ ಸಂಗ್ರಹಾಲಯದ ಥರ್ಮಸ್ ಅಕ್ವಾಟಿಕಸ್ಸಿನಿಂದ ಕಿಣ್ವ ತೆಗೆದು ಶುದ್ಧ ಮಾಡಿದರು. ಟ್ಯಾಕ್ ಅಂತ ಅದರ ಹೆಸರು. 95 ಡಿಗ್ರೀಲಿ 40 ನಿಮಿಷ ಇಟ್ಟರೂ ಅರ್ಧದಷ್ಟು ಶಕ್ತಿ ಉಳಿದಿರುತ್ತೆ. ಒಂದೇ ಸಲ ಹಾಕಿ ಮುಚ್ಚಳ ಮುಚ್ಚಿದ್ರೆ ಸಾಕು, ಮಿಕ್ಕಿದ್ದನ್ನ ಯಂತ್ರ ನೋಡಿಕೊಳ್ಳುತ್ತೆ. 1988ರಲ್ಲಿ ಈ ವಿಧಾನ ಪ್ರಕಟವಾಯ್ತು, ಅಲ್ಲಿಂದ ಮುಂದೆ ಜೀವವಿಜ್ಞಾನದ ಲ್ಯಾಬ್ ಅಂದ್ರೆ ಪಿಸಿಆರ್ ಯಂತ್ರ ಇರಲೇಬೇಕು ಅನ್ನೋ ಹಾಗಾಯ್ತು. ಅಪರಾಧ ತನಿಖೆಯ ಡಿಎನ್‌ಎ ಪರೀಕ್ಷೆ, ಎಚ್‌ಐವಿ ಪರೀಕ್ಷೆ, ಕ್ಷಯದ ಪರೀಕ್ಷೆ, ಕೊನೆಗೆ ಕೊರೊನಾ. ಇವತ್ತಿನ ಕಿಟ್‌ಗಳಲ್ಲಿ ಟ್ಯಾಕ್ ಅಥವಾ ಅದನ್ನ ಸುಧಾರಿಸಿದ ರೂಪಗಳಿರ್ತವೆ.

ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಂತು. 2020ರಲ್ಲಿ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಂದು ಫಾರ್ವರ್ಡ್ ಬಂದಿರಬಹುದು, "ಪಿಸಿಆರ್ ಕಂಡುಹಿಡಿದವನೇ ಹೇಳಿದ್ದಾನೆ, ಈ ಟೆಸ್ಟಿಂದ ಕೊರೊನಾ ಗೊತ್ತಾಗಲ್ಲ" ಅಂತ. ಮುಲ್ಲಿಸ್ ತೀರಿಕೊಂಡಿದ್ದು 2019ರ ಆಗಸ್ಟ್‌ನಲ್ಲಿ. ಕೊರೊನಾ ಅನ್ನೋ ಹೆಸರು ಸುದ್ದಿಗೆ ಬರೋ ಮುಂಚೆ.

ಈಗ ದುಡ್ಡಿನ ಮಾತು. ಸೀಟಸ್ ಕಂಪನಿ ಮುಲ್ಲಿಸ್‌ಗೆ ಕೊಟ್ಟ ಬೋನಸ್ 10,000 ಡಾಲರ್. 1991ರಲ್ಲಿ ಪಿಸಿಆರ್ ಹಕ್ಕನ್ನ ಸ್ವಿಟ್ಜರ್ಲೆಂಡಿನ ರೋಷ್ ಕಂಪನಿ ಕೊಂಡುಕೊಂಡಿದ್ದು 30 ಕೋಟಿ ಡಾಲರಿಗೆ. ಬ್ರಾಕ್‌ಗೆ ಬಂದಿದ್ದು ಸೊನ್ನೆ. ಯೆಲ್ಲೋಸ್ಟೋನ್ ಉದ್ಯಾನಕ್ಕೆ ಬಂದಿದ್ದೂ ಸೊನ್ನೆ. 1872ರಿಂದ ಜನರ ತೆರಿಗೆ ದುಡ್ಡಲ್ಲಿ ಕಾಪಾಡಿಕೊಂಡು ಬಂದ ಜಾಗ, ಬುಗ್ಗೆ ಮುಚ್ಚಿ ಹೋಟೆಲ್ ಕಟ್ಟದೆ ಉಳಿಸಿಕೊಂಡ ಜಾಗ. ಅಲ್ಲಿಂದ ಹೋದ ಒಂದು ಬ್ಯಾಕ್ಟೀರಿಯಾದ ಕಿಣ್ವ ಇಡೀ ಉದ್ಯಮ ಕಟ್ಟಿತು, ಜಾಗಕ್ಕೆ ಒಂದು ಕಾಸೂ ವಾಪಸ್ ಬರಲಿಲ್ಲ.

ಬ್ರಾಕ್ ಇದಕ್ಕೆ ಕಣ್ಣೀರು ಹಾಕಿದವರಲ್ಲ, ಬೇಕಾದವರು ಬಳಸಲಿ ಅಂತಲೇ ಕೊಟ್ಟಿದ್ದು. 2013ರಲ್ಲಿ ಅವರಿಗೂ ಫ್ರೀಜ್‌ಗೂ ಗೋಲ್ಡನ್ ಗೂಸ್ ಅನ್ನೋ ಪ್ರಶಸ್ತಿ ಬಂತು. ಕೇಳೋಕೆ ಹುಚ್ಚಾಟ ಅನ್ನಿಸೋ, ಆಮೇಲೆ ಲೋಕಕ್ಕೇ ಉಪಕಾರ ಮಾಡಿದ ಸರ್ಕಾರಿ ಅನುದಾನದ ಸಂಶೋಧನೆಗಳಿಗೆ ಕೊಡೋ ಪ್ರಶಸ್ತಿ ಅದು.

ನನಗೆ ಇಲ್ಲಿ ಎರಡು ಮನಸ್ಸು. ಮಶ್ರೂಮ್ ಸ್ಪ್ರಿಂಗ್‌ಗೆ 1966ರಲ್ಲೇ ಬೇಲಿ ಹಾಕಿ, "ಒಂದು ಹನಿ ತಗೊಂಡ್ರೂ ಒಪ್ಪಂದಕ್ಕೆ ಸಹಿ ಹಾಕಿ" ಅಂದಿದ್ರೆ ಸಿನ್ಸಿನಾಟಿಯ ಮೂವರು ಅದನ್ನ ತರಿಸಿಕೊಳ್ತಿದ್ರಾ? ಮಾಸ್ತಿಯ ತಾತನವರೆಗೂ ಅದು ಬರ್ತಿತ್ತಾ? ಹಾಗಂತ, ಬಾಗಿಲು ತೆರೆದಿಟ್ಟವನು ಬರಿಗೈಲಿ ನಿಲ್ಲೋದು, ಒಳಗೆ ಬಂದವನು ಗಂಟು ಕಟ್ಟಿಕೊಂಡು ಹೋಗೋದು ಯಾವ ನ್ಯಾಯ?

ಪ್ರಪಂಚವೂ ಈ ಪ್ರಶ್ನೆ ಕೇಳೋಕೆ ಶುರು ಮಾಡ್ತು. 1992ರ ರಿಯೊ ಸಮ್ಮೇಳನದಲ್ಲಿ ಜೀವವೈವಿಧ್ಯ ಒಪ್ಪಂದ ಆಯ್ತು. ದೇಶದೊಳಗಿನ ಜೀವಸಂಪತ್ತಿನ ಮೇಲೆ ಆ ದೇಶಕ್ಕೆ ಹಕ್ಕು ಇದೆ, ಲಾಭ ಬಂದ್ರೆ ಹಂಚಿಕೊಳ್ಳಬೇಕು. ಯೆಲ್ಲೋಸ್ಟೋನ್ ಕೂಡ 1997ರಲ್ಲಿ ಡೈವರ್ಸಾ ಅನ್ನೋ ಕಂಪನಿ ಜೊತೆ ಲಾಭದಲ್ಲಿ ಪಾಲು ಬರೋ ಒಪ್ಪಂದ ಮಾಡಿಕೊಂಡಿತು, ರಾಷ್ಟ್ರೀಯ ಉದ್ಯಾನ ವ್ಯಾಪಾರಕ್ಕೆ ಇಳೀತು ಅಂತ ಕೆಲವರು ಕೋರ್ಟಿಗೂ ಹೋದರು.

ನಮ್ಮಲ್ಲಿ 2002ರಲ್ಲಿ ಜೀವವೈವಿಧ್ಯ ಕಾಯ್ದೆ ಬಂತು. ಚೆನ್ನೈನಲ್ಲಿ ರಾಷ್ಟ್ರೀಯ ಪ್ರಾಧಿಕಾರ, ರಾಜ್ಯಕ್ಕೊಂದು ಮಂಡಳಿ, ಪಂಚಾಯ್ತಿಗೊಂದು ಸಮಿತಿ. ಜೀವಸಂಪತ್ತು ಅಂದ್ರೆ ಗಿಡ, ಪ್ರಾಣಿ ಮಾತ್ರ ಅಲ್ಲ, ಸೂಕ್ಷ್ಮಜೀವಿಗಳೂ ಸೇರ್ತವೆ ಅಂತ ಕಾಯ್ದೆಯ ವ್ಯಾಖ್ಯೆಯಲ್ಲೇ ಬರೆದಿದೆ. ವಿದೇಶಿ ಕಂಪನಿ ಇಲ್ಲಿಂದ ಒಂದು ಬ್ಯಾಕ್ಟೀರಿಯಾ ಒಯ್ಯಬೇಕಾದ್ರೂ ಚೆನ್ನೈನ ಅನುಮತಿ ಬೇಕು. ನಿಮ್ಮ ಊರಿನ ಸಮಿತಿ ತನ್ನ ವ್ಯಾಪ್ತಿಯ ಜೀವಿಗಳ ದಾಖಲೆ ಪುಸ್ತಕ ಮಾಡಬೇಕು. ಆ ಪುಸ್ತಕದ ಕಲ್ಪನೆಗೆ ದಾರಿ ಹಾಕಿದವರಲ್ಲಿ ಮುಂಚೂಣಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳ್. ಕಾಯ್ದೆ ಪ್ರಕಾರ ಹೊಂಗೆಯ ಜೊತೆಗೆ ತಿಪ್ಪೆಯೊಳಗಿನ ಬ್ಯಾಕ್ಟೀರಿಯಾಕ್ಕೂ ಆ ಪುಸ್ತಕದಲ್ಲಿ ಜಾಗ ಇದೆ.

ಹಾಗಿದ್ರೆ ನಮ್ಮ ಬಿಸಿನೀರು ಎಲ್ಲಿದೆ? ದೇಶದಲ್ಲಿ 300ಕ್ಕೂ ಹೆಚ್ಚು ಬಿಸಿನೀರಿನ ಬುಗ್ಗೆಗಳು ದಾಖಲಾಗಿವೆ. ಭೂವಿಜ್ಞಾನ ಸರ್ವೇಕ್ಷಣೆಯ ಥಾಮಸ್ ಓಲ್ಡ್‌ಹ್ಯಾಮ್ ಮಾಡಿದ್ದ ಪಟ್ಟಿ 1882ರಲ್ಲೇ ಅಚ್ಚಾಗಿತ್ತು. ಕರ್ನಾಟಕದ ಪಾಲಿಗೆ ಪ್ರಸಿದ್ಧವಾದದ್ದು ದಕ್ಷಿಣ ಕನ್ನಡದ ಪುತ್ತೂರು ಹತ್ತಿರ ಇರ್ದೆಯ ಬೆಂದ್ರು ತೀರ್ಥ, ಸೀರೆ ಹೊಳೆಯ ದಂಡೆಯಲ್ಲಿ. ತುಳುವಿನಲ್ಲಿ ಬೆಂದ್ರ್ ಅಂದ್ರೆ ಬಿಸಿನೀರು. ದಕ್ಷಿಣ ಭಾರತದ ಏಕೈಕ ಬಿಸಿನೀರಿನ ಬುಗ್ಗೆ ಅಂತ ಎಲ್ಲ ಪ್ರವಾಸಿ ಪುಸ್ತಕ ಹೇಳ್ತವೆ. ತೆಲಂಗಾಣದ ಗೋದಾವರಿ ಕಣಿವೆಯಲ್ಲೂ ಬಿಸಿನೀರು ಇರೋದ್ರಿಂದ ಆ ಮಾತನ್ನ ನಾನು ಪೂರ್ತಿ ಒಪ್ಪಲ್ಲ. ಮಳೆನೀರು ಬಂಡೆಯ ಬಿರುಕಿನಲ್ಲಿ ಆಳಕ್ಕೆ ಇಳಿದು, ಕಾದು, ಮತ್ತೊಂದು ಬಿರುಕಿನಿಂದ ಮೇಲೆ ಬರುತ್ತೆ. ಜ್ವಾಲಾಮುಖಿ ಬೇಕಿಲ್ಲ. ಜನ ಚರ್ಮದ ಕಾಯಿಲೆ ವಾಸಿಯಾಗುತ್ತೆ ಅಂತ ಅಲ್ಲಿ ಸ್ನಾನ ಮಾಡ್ತಾರೆ.

ಆದರೆ ಅದರ ಬಿಸಿ ಸುಮಾರು 37ರಿಂದ 41 ಡಿಗ್ರಿ. ನಮಗೆ ಹಿತವಾದ ಸ್ನಾನ, ಥರ್ಮಸ್ ಅಕ್ವಾಟಿಕಸ್‌ಗೆ ಚಳಿ. 40ರ ಕೆಳಗೆ ಅದು ಬೆಳೆಯಲ್ಲ ಅಂದೆನಲ್ಲ. ನಮ್ಮ ಅಜ್ಜಿಯ ತಿಪ್ಪೆ ಬೆಂದ್ರು ತೀರ್ಥಕ್ಕಿಂತ ಬಿಸಿ!

ನಿಜವಾದ ಕುದಿ ನೀರಿಗೆ ಹಿಮಾಚಲದ ಮಣಿಕರಣ್‌ಗೆ ಹೋಗಬೇಕು, ಪಾರ್ವತಿ ನದಿಯ ಕಣಿವೆಗೆ. 90 ಡಿಗ್ರಿ ದಾಟೋ ಬುಗ್ಗೆಗಳು. ಅಲ್ಲಿಯ ಗುರುದ್ವಾರದ ಲಂಗರ್‌ಗೆ ಅನ್ನ ಬೇಯೋದು ಬುಗ್ಗೆಯ ಬಿಸಿಯಲ್ಲೇ. ಆ ಬುಗ್ಗೆಯಿಂದ ದೆಹಲಿ ವಿಶ್ವವಿದ್ಯಾಲಯದ ರೂಪ್ ಲಾಲ್ ಅವರ ತಂಡ ಥರ್ಮಸ್ ಬಳಗದ್ದೇ ಒಂದು ಹೊಸ ಜೀವಿ ಬೇರ್ಪಡಿಸಿತು. 2015ರಲ್ಲಿ ಅದಕ್ಕೆ ಥರ್ಮಸ್ ಪಾರ್ವತಿಯೆನ್ಸಿಸ್ ಅಂತ ಹೆಸರಿಟ್ಟರು, ಪಾರ್ವತಿ ಕಣಿವೆಯ ಹೆಸರು. ಯೆಲ್ಲೋಸ್ಟೋನ್ ಬ್ಯಾಕ್ಟೀರಿಯಾದ ದಾಯಾದಿ, ನಮ್ಮ ದೇಶದ ವಿಳಾಸ.

ಕೊನೆಗೆ ಮನೆಯ ಹತ್ತಿರಕ್ಕೆ ಬರ್ತೀನಿ. ನಮ್ಮ ಕೋಲಾರ ಜಿಲ್ಲೇಲೇ ಬಿಸಿ ಜಾಗ ಒಂದಿತ್ತು, ಅದು ನೆಲದ ಮೇಲಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್ ಮೀರಿ ಆಳ ಇಳಿದಿತ್ತು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟಿತ್ತು, ಮೇಲಿಂದ ಗಾಳಿಯನ್ನ ತಣ್ಣಗೆ ಮಾಡಿ ಕೆಳಗೆ ಕಳಿಸಿದ್ರೆ ಮಾತ್ರ ಮನುಷ್ಯ ನಿಲ್ಲೋ ಹಾಗಿತ್ತು. ಆ ಶಾಖದಲ್ಲಿ ಮೂರು ತಲೆಮಾರು ಜನ ಕೆಲಸ ಮಾಡಿದ್ದಾರೆ. ಅದೇ ಗಣಿಯ 2 ಕಿಲೋಮೀಟರ್ ಮೀರಿದ ಆಳದಲ್ಲಿ 1965ರಲ್ಲಿ ಟಾಟಾ ಸಂಸ್ಥೆಯ ಭೌತವಿಜ್ಞಾನಿಗಳು, ಜಪಾನ್, ಇಂಗ್ಲೆಂಡಿನ ಜೊತೆಗಾರರ ಸಂಗಡ, ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೊ ಪತ್ತೆ ಮಾಡಿದ್ದರು. ಬ್ರಾಕ್ ಸಾಮಾನು ಹೊತ್ತು ಯೆಲ್ಲೋಸ್ಟೋನ್‌ಗೆ ಮರಳಿದ್ದೂ ಅದೇ 1965.

1999ರಲ್ಲಿ ದಕ್ಷಿಣ ಆಫ್ರಿಕದಿಂದ ಒಂದು ವರದಿ ಬಂತು. ಅಲ್ಲಿನ ಚಿನ್ನದ ಗಣಿಯ 3.2 ಕಿಲೋಮೀಟರ್ ಆಳದ ಬಿರುಕಿನ ನೀರಲ್ಲಿ ಥರ್ಮಸ್ ಸಿಕ್ಕಿತ್ತು. ಬಿಸಿಲು ಕಾಣದ, ಕಲ್ಲಿನ ಮಧ್ಯದ ಬಿಸಿನೀರಲ್ಲಿ, ಕಬ್ಬಿಣದಂಥ ಲೋಹದ ಖನಿಜ ಬಳಸಿಕೊಂಡು ಬದುಕೋ ಥರ್ಮಸ್. ಸುಮಾರು ಚಾಂಪಿಯನ್ ರೀಫ್‌ನಷ್ಟೇ ಆಳ, ಹೆಚ್ಚುಕಮ್ಮಿ ಅಷ್ಟೇ ಬಿಸಿ, ಅದೇ ಚಿನ್ನದ ಗಣಿ.

ಅದಾಗಿ ಎರಡು ವರ್ಷಕ್ಕೆ, 2001ರ ಫೆಬ್ರವರಿ 28ಕ್ಕೆ, ಕೆಜಿಎಫ್ ಮುಚ್ಚಿತು. ನೀರೆತ್ತೋ ಪಂಪುಗಳು ನಿಂತವು. ಸುರಂಗಗಳಲ್ಲಿ ನೀರು ತುಂಬಿತು, ತಳಕ್ಕೆ ಇಳಿಯೋ ದಾರಿ ಮುಚ್ಚಿಹೋಯ್ತು.

ಈ ಸಂಚಿಕೆ ರೆಕಾರ್ಡ್ ಮಾಡೋಕೆ ಮುಂಚೆ ಊರಿಗೆ ಹೋಗಿದ್ದೆ. ಅಡುಗೆಮನೆಗೆ ಅಂತ ತರಿಸಿದ್ದ ಉದ್ದ ಕಡ್ಡಿಯ ಥರ್ಮಾಮೀಟರನ್ನ ತಿಪ್ಪೆಗೆ ಚುಚ್ಚಿದೆ. 58 ತೋರಿಸ್ತು. ಅಜ್ಜಿ ಬಾಗಿಲಲ್ಲಿ ನಿಂತು ನೋಡ್ತಾ ಇದ್ದರು. "ಅದ್ಕೂ ಜ್ವರ ನೋಡ್ತಿದೀಯೇನೋ?" ಅಂದರು. ಒಳಗಿಂದ ತಾತ ನಕ್ಕಿದ್ದು ಕೇಳಿಸ್ತು.

ನಿಮ್ಮೂರಲ್ಲಿ ಬಿಸಿನೀರಿನ ಬುಗ್ಗೆಯೋ, ಹೊಗೆಯಾಡೋ ತಿಪ್ಪೆಯೋ ಇದ್ದರೆ ವಾಯ್ಸ್ ನೋಟ್ ಕಳಿಸಿ.